ಮುಚ್ಚಿಕೊಳ್ಳದ ಬಾಗಿಲು

ಮಾರ್ಚ್ ೩, ಸೋಮವಾರ

ಶುಕ್ರವಾರದಿಂದ ಪೆನ್ನು ಹಿಡಿಯಲು ಆಗಿರಲಿಲ್ಲ. ಕೂಸು ಆಸ್ಪತ್ರೆಯಲ್ಲಿದೆ.

ಮೊಮ್ಮಗಳಿಗೆ ಎರಡು ತಿಂಗಳು ತುಂಬಿಲ್ಲ. ಅವತ್ತು ಬೆಳಿಗ್ಗೆಯಿಂದ ಹಾಲು ಬೇಡವೆನ್ನುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಎಲ್ಲಿಂದಲೋ ಓಡಿ ಬಂದಂತೆ ಏದುಸಿರು, ತುಟಿ ಒಣಗಿ ಸಿಪ್ಪೆ. ಶೀತ ಇರಬೇಕು, ಸಂಜೆಯವರೆಗೆ ನೋಡೋಣ ಎಂದೆ. ಸೊಸೆ ಕೇಳಲಿಲ್ಲ. ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು, ಎರಡು ಕಾಲಿಗೆ ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಸಂಜೆಯವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ನಾನು ಪಕ್ಕದಲ್ಲೇ ನಿಂತಿರುವಾಗ ಹೇಳಬೇಕಿತ್ತೇ.

ಸಕ್ಕರೆ ಕಾಯಿಲೆಯಂತೆ. ರಕ್ತ ನೋಡುವ ಯಂತ್ರ ಅಂಕಿಯನ್ನೇ ತೋರಿಸಲಿಲ್ಲವಂತೆ, ಅದರ ಅಳತೆಯನ್ನೂ ಮೀರಿತ್ತಂತೆ. ಹಾಲು ಬಿಟ್ಟು ಬೇರೆ ರುಚಿ ಕಾಣದ ಕೂಸಿಗೆ ಸಕ್ಕರೆ ಕಾಯಿಲೆ ಎಲ್ಲಿಂದ ಬಂತು? ನಾನು ಯಾರನ್ನೂ ದೂರುವವಳಲ್ಲ. ಆದರೆ ಸೊಸೆಯ ತಂದೆಗೆ ಬಹಳ ವರ್ಷದಿಂದ ಸಕ್ಕರೆ ಇರುವುದು ಎಲ್ಲರಿಗೂ ಗೊತ್ತಿರುವ ವಿಷಯ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ, "ನಿಮ್ಮಪ್ಪನಿಗೂ ಇದೆಯಲ್ಲ" ಎಂದೆ. ಅಷ್ಟೇ ಅಂದದ್ದು. ಅವಳು ಎದುರಿನ ಗೋಡೆಯನ್ನೇ ನೋಡುತ್ತ ಕೂತಳು.

ಮಗ ಲಾರಿ ತೆಗೆದುಕೊಂಡು ದೂರ ಹೋಗಿದ್ದಾನೆ. ಸರಕು ಇಳಿಸದೆ ತಿರುಗುವ ಹಾಗಿಲ್ಲ. ಫೋನಿನಲ್ಲಿ "ನಮ್ಮ ಬಟಾಣಿ ಹೇಗಿದಾಳಮ್ಮ?" ಎಂದು ಕೇಳಿದ. ಹುಟ್ಟಿದಾಗ ತೀರಾ ಸಣ್ಣಗಿತ್ತೆಂದು ಗಂಡ ಹೆಂಡತಿ ಇಬ್ಬರೂ ಹಾಗೆ ಕರೆಯುತ್ತಾರೆ. ಮನುಷ್ಯರನ್ನು ಕರೆಯುವ ಹೆಸರೇ ಅದು! ನಾನು ಕೂಸು ಎಂದೇ ಕರೆಯುತ್ತೇನೆ.

ಮಾರ್ಚ್ ೧೨, ಬುಧವಾರ

ಕೂಸು ಮನೆಗೆ ಬಂದಿದೆ. ಅದರ ಜೊತೆ ಒಂದು ಚೀಲ ಸೂಜಿಗಳೂ ಬಂದಿವೆ.

ಪ್ರತಿ ಸಲ ಹಾಲಿಗೆ ಮೊದಲು ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ನೋಡಬೇಕು. ಆಮೇಲೆ ತೊಡೆಗೆ ಇನ್ಸುಲಿನ್. ತೊಡೆ ಎಂದರೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಔಷಧಿ ಎಷ್ಟು ಕಡಿಮೆ ಎಂದರೆ ಸಿರಿಂಜಿನಲ್ಲಿ ಇದೆಯೋ ಇಲ್ಲವೋ ಕಾಣುವುದಿಲ್ಲ. ಸ್ವಲ್ಪ ಹೆಚ್ಚಾದರೂ ಸಕ್ಕರೆ ಪಾತಾಳಕ್ಕೆ ಇಳಿಯುತ್ತದಂತೆ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದವಳು, ಅವಳ ಕೈ ನಡುಗುವುದಿಲ್ಲ.

"ಅತ್ತೆ, ಒಂದ್ಸಲ ನೋಡ್ಕೊಳ್ಳಿ, ನಾನಿಲ್ದೇ ಇದ್ದಾಗ ಬೇಕಾಗತ್ತೆ" ಎಂದಳು.

"ನನ್ನ ಕೈಲಾಗಲ್ಲಮ್ಮ" ಎಂದು ಕೆಳಗೆ ನನ್ನ ಹೊಲಿಗೆ ಅಂಗಡಿಗೆ ಇಳಿದುಬಂದೆ.

ನಲವತ್ತು ವರ್ಷದಿಂದ ಸೂಜಿ ಹಿಡಿದವಳು ಎಂದು ಅವಳು ಮನಸ್ಸಿನಲ್ಲೇ ನಕ್ಕಿರಬೇಕು. ಪ್ಯಾಂಟಿನ ಅಂಚು ಮಡಿಚುವುದು, ಕೋಟಿನ ತೋಳು ಕುಗ್ಗಿಸುವುದು, ಜಿಪ್ಪು ಹಾಕುವುದು, ಇವೆಲ್ಲ ಬಟ್ಟೆ. ಬಟ್ಟೆ ಅಳುವುದಿಲ್ಲ. ಮೇಲಿನ ಅಳು ಕೇಳದಿರಲಿ ಎಂದು ಮೆಷಿನ್ನು ಜೋರಾಗಿ ತುಳಿದೆ. ಯಾರದೋ ಪ್ಯಾಂಟಿನ ಅಂಚಿಗೆ ಬೇಡದ ಮೂರು ಸಾಲು ಹೊಲಿಗೆ ಬಿದ್ದಿದೆ.

ಮಾರ್ಚ್ ೧೫, ಶನಿವಾರ

ಮನೆಯಲ್ಲಿ ಮಾತಿಲ್ಲ. ಅವಳು ಮೇಲೆ, ನಾನು ಕೆಳಗೆ. ಊಟ ಮುಚ್ಚಿಟ್ಟಿರುತ್ತಾಳೆ, ತಿನ್ನುತ್ತೇನೆ. ತಟ್ಟೆ ತೊಳೆದಿಡುತ್ತೇನೆ. ಅಷ್ಟೇ ಸಂಸಾರ.

ಮಾರ್ಚ್ ೨೦, ಗುರುವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಮಧ್ಯಾಹ್ನ ರಕ್ತ ನೋಡುವ ಯಂತ್ರದ ಪಟ್ಟಿ ಮುಗಿಯಿತೆಂದು ಸೊಸೆ ಔಷಧಿ ಅಂಗಡಿಗೆ ಹೋದಳು. ಕೂಸು ಮಲಗಿತ್ತು. ನಾನು ತೊಟ್ಟಿಲ ಪಕ್ಕ ಗುಂಡಿ ಹಚ್ಚುತ್ತ ಕೂತಿದ್ದೆ. ನಿದ್ದೆ ಯಾಕೋ ಅತಿಯಾಯಿತು ಅನ್ನಿಸಿ ಹಣೆ ಮುಟ್ಟಿದರೆ ತಣ್ಣಗಿನ ಬೆವರು. ಎತ್ತಿದರೆ ತೋಳು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅಲ್ಲಾಡಿಸಿದರೂ ಕಣ್ಣು ಬಿಡಲಿಲ್ಲ. ಫೋನು ಮಾಡಿದೆ.

"ಅಳ್ತಿದಾಳಾ ಅತ್ತೆ?"

"ಇಲ್ಲ ಕಣೇ, ಅದೇ ಭಯ. ಬೆವರ್ತಿದೆ. ಮೈಯಲ್ಲಿ ಬಲಾನೇ ಇಲ್ಲ."

"ಸರಿ, ಸಕ್ಕರೆ ಇಳಿದಿರ್ಬೇಕು. ಫೋನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಡಿ. ಫ್ರಿಜ್ ಮೇಲೆ ನೀಲಿ ಡಬ್ಬಿ ಇದೆ, ಅದ್ರಲ್ಲಿ ಗ್ಲೂಕೋಸಿನ ಟ್ಯೂಬು. ಬೆರಳ ತುದಿಗೆ ಚೂರು ತಗೊಂಡು ಕೆನ್ನೆ ಒಳಗೆ ಸವರಿ. ಬಾಯಿಗೆ ಸುರೀಬೇಡಿ, ಉಸಿರಿಗೆ ಹೋಗತ್ತೆ."

ಅವಳು ಓಡುತ್ತಿದ್ದಳು. ಉಬ್ಬಸ, ಬಸ್ಸಿನ ಹಾರ್ನು, ಯಾರೋ "ನೋಡ್ಕೊಂಡು ಹೋಗಮ್ಮ" ಎಂದು ಗದರಿದ್ದು ಎಲ್ಲ ಕೇಳಿಸುತ್ತಿತ್ತು. ನಾನು ಸವರಿದೆ. ಏನೂ ಆಗಲಿಲ್ಲ.

"ಇನ್ನೊಂದ್ಸಲ ಸವರಿ. ಮಾತಾಡ್ತಾ ಇರಿ ಅತ್ತೆ, ನಿಲ್ಲಿಸ್ಬೇಡಿ."

"ಏನೇ ಮಾತಾಡ್ಲಿ?"

"ಏನಾದ್ರೂ. ನನ್ನನ್ನ ಬೈಯಿರಿ."

ಬೈದೆ. ಪಟ್ಟಿ ಮುಗಿಯುವವರೆಗೆ ಕಾಯುತ್ತಾರೇನೇ, ನೆತ್ತಿಗೆ ಎಣ್ಣೆ ಮುಟ್ಟಿಸಿ ಎಷ್ಟು ದಿನವಾಯಿತು, ನಿನ್ನೆ ಊಟ ಮಾಡಿದ್ದೀಯೋ ಇಲ್ಲವೋ, ಹೀಗೇ ಒಣಗಿದರೆ ಕೂಸಿಗೆ ಹಾಲೆಲ್ಲಿಂದ ಬರಬೇಕು. ಬೈಯುತ್ತ ಸವರಿದೆ, ಸವರುತ್ತ ಬೈದೆ. ಕೊನೆಗೆ ಕೂಸಿನ ನಾಲಿಗೆ ಬೆರಳಿಗೆ ತಾಗಿತು. ಚೀಪಿತು. ಮುಖ ಕಿವುಚಿ ಅಳು ತೆಗೆಯಿತು.

"ಕೇಳಿಸ್ತೇನೇ?"

ರಸ್ತೆಯಲ್ಲೇ ನಿಂತು ಅವಳೂ ಅಳುತ್ತಿದ್ದಳು.

ಮಾರ್ಚ್ ೨೧, ಶುಕ್ರವಾರ

ಬೆಳಿಗ್ಗೆ ಅವಳು ಸಿರಿಂಜು ತೆಗೆಯುವಾಗ ಪಕ್ಕಕ್ಕೆ ಹೋಗಿ ಕೂತೆ. "ತೋರ್ಸು" ಎಂದೆ.

ನೀರು ತುಂಬಿ ಮೊದಲು ನನ್ನ ಮೆತ್ತೆಗೇ ಚುಚ್ಚಿದೆ, ಗುಂಡುಪಿನ್ನು ಸಿಕ್ಕಿಸುತ್ತೇನಲ್ಲ, ಆ ಮೆತ್ತೆಗೆ. ಮಧ್ಯಾಹ್ನ ಕೂಸಿಗೆ. ಅದು ಅತ್ತಿತು, ನಾನೂ ಅತ್ತೆ. "ನೀವು ಅತ್ರೆ ಪರವಾಗಿಲ್ಲ ಅತ್ತೆ, ಕೈ ಅಲ್ಲಾಡ್ಬಾರ್ದು ಅಷ್ಟೇ" ಎಂದಳು ಮಾರಾಯಿತಿ.

ಮಾರ್ಚ್ ೨೭, ಗುರುವಾರ

ಇವತ್ತು ಮಕ್ಕಳ ಡಾಕ್ಟರಮ್ಮನ ಹತ್ತಿರ ಇಬ್ಬರೂ ಹೋಗಿದ್ದೆವು. ಚಿಕ್ಕ ವಯಸ್ಸಿನವಳು, ಬಿಳಿ ಕೋಟಿನ ಜೇಬು ಕಿತ್ತು ನೇತಾಡುತ್ತಿತ್ತು. ನೋಡಲಾಗದೆ, ಅವಳು ಕೂಸನ್ನು ಪರೀಕ್ಷೆ ಮಾಡುವಾಗ ಕೋಟು ಬಿಚ್ಚಿಸಿಕೊಂಡು ನಾಲ್ಕು ಹೊಲಿಗೆ ಹಾಕಿಕೊಟ್ಟೆ. ಅದಕ್ಕೋ ಏನೋ, ಹೊರಗೆ ಜನ ಕಾಯುತ್ತಿದ್ದರೂ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಮರೆಯುವ ಮೊದಲು ಬರೆದಿಡುತ್ತೇನೆ.

"ಆರು ತಿಂಗಳ ಒಳಗೇ ಬಂದ್ರೆ ಅದು ಮಾಮೂಲಿ ಸಕ್ಕರೆ ಕಾಯಿಲೆ ಆಗಿರೋದು ಅಪರೂಪ. ಮಾಮೂಲಿಯಾಗಿ ಮಕ್ಕಳಿಗೆ ಬರೋದ್ರಲ್ಲಿ ಇನ್ಸುಲಿನ್ ಮಾಡೋ ಜೀವಕೋಶಗಳೇ ಸಾಯ್ತಾ ಹೋಗ್ತವೆ. ಇಷ್ಟು ಪುಟ್ಟ ಮಕ್ಕಳಲ್ಲಿ ಎಷ್ಟೋ ಸಲ ಅವು ಬದುಕೇ ಇರ್ತವೆ. ಒಳಗೆ ಇನ್ಸುಲಿನ್ ತುಂಬ್ಕೊಂಡು ಕೂತಿರ್ತವೆ. ಹೊರಗೆ ಬಿಡೋಕೆ ಸೂಚನೆ ಸಿಗ್ತಿರಲ್ಲ."

"ಯಾರು ಕೊಡ್ಬೇಕು ಸೂಚನೆ?" ಎಂದೆ.

"ಕರೆಂಟು, ಅಜ್ಜಿ."

ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಪ್ರತಿ ಜೀವಕೋಶಕ್ಕೂ ಸುತ್ತ ಒಂದು ತೆಳುವಾದ ಪೊರೆ ಇದೆಯಂತೆ. ಪೊರೆಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳು. ಒಳಗೆ ಪೊಟ್ಯಾಸಿಯಂ ಎಂಬ ಲವಣ ಹೆಚ್ಚು, ಹೊರಗೆ ಕಡಿಮೆ. ಅದರ ಒಂದೊಂದು ಕಣವೂ ಒಂದೊಂದು ಪ್ಲಸ್ ಹೊತ್ತುಕೊಂಡಿರುತ್ತದೆ. ಬಾಗಿಲು ತೆರೆದಿದ್ದರೆ ಅದು ಹೊರಕ್ಕೆ ಸೋರುತ್ತದೆ. ಪ್ಲಸ್ ಹೊರಗೆ ಹೋದಷ್ಟೂ ಒಳಗೆ ಮೈನಸ್. ಪೊರೆಯ ಆಚೆಗೂ ಈಚೆಗೂ ಇರುವ ಆ ವ್ಯತ್ಯಾಸವೇ ಕರೆಂಟಿನ ಒತ್ತಡ.

"ಟಾರ್ಚಿನ ಬ್ಯಾಟರಿ ತರಾನಾ?"

"ಅದಕ್ಕಿಂತ ಬಹಳ ಕಡಿಮೆ. ಆದ್ರೆ ಮೈಯೆಲ್ಲಾ ಅದರ ಮೇಲೇ ನಡೀತಿದೆ. ಈಗ ನೋಡಿ, ಮಗು ಹಾಲು ಕುಡೀತು. ಸಕ್ಕರೆ ಜೀವಕೋಶದ ಒಳಗೆ ಹೋಗಿ ಉರಿದು ಶಕ್ತಿ ಆಯ್ತು. ಆ ಶಕ್ತಿ ಬಂದು ಪೊಟ್ಯಾಸಿಯಂ ಬಾಗಿಲು ಮುಚ್ಚತ್ತೆ. ಸೋರೋದು ನಿಂತ ಮೇಲೆ ಒಳಗಿನ ಮೈನಸ್ ಕಡಿಮೆ ಆಗತ್ತೆ. ಕಡಿಮೆ ಆಗಿದ್ದೇ ತಡ, ಬೇರೆ ಬಾಗಿಲು ತೆರ್ಕೊಳ್ಳತ್ತೆ, ಕ್ಯಾಲ್ಸಿಯಂದು. ಕ್ಯಾಲ್ಸಿಯಂ ಒಳಗೆ ನುಗ್ಗಿದ್ರೆ ಇನ್ಸುಲಿನ್ ಹೊರಗೆ ಬರತ್ತೆ."

"ನಮ್ಮ ಕೂಸಿಗೆ ಎಲ್ಲಿ ಕೆಟ್ಟಿದೆ?" ಎಂದಳು ಸೊಸೆ.

"ಮೊದಲ್ನೇ ಬಾಗಿಲೇ ಮುಚ್ಕೊಳ್ತಿಲ್ಲ ಅಂತ ನನ್ನ ಅನುಮಾನ. ಎಷ್ಟು ಹಾಲು ಕುಡಿದ್ರೂ ಅದು ಹಾರು ಹೊಡ್ಕೊಂಡೇ ಇದೆ. ಮುಂದಿಂದೇನೂ ನಡೀತಿಲ್ಲ."

ರಕ್ತವನ್ನು ವಂಶವಾಹಿ ಪರೀಕ್ಷೆಗೆ ಕಳಿಸಿದ್ದಾರೆ. ಅಪ್ಪ ಅಮ್ಮನ ರಕ್ತವೂ ಬೇಕಂತೆ, ಮಗ ಬಂದ ಮೇಲೆ ಅವನದು. ಅನುಮಾನ ನಿಜವಾದರೆ ಆ ಬಾಗಿಲನ್ನು ಬೇರೆ ದಾರಿಯಿಂದ ಮುಚ್ಚಿಸುವ ಮಾತ್ರೆ ಇದೆಯಂತೆ, ವಯಸ್ಸಾದವರು ಸಕ್ಕರೆಗೆ ನುಂಗುವ ಹಳೆಯ ಮಾತ್ರೆ. ಅದರ ಹೆಸರು ಹೇಳುತ್ತಲೇ ಸೊಸೆ ನನ್ನ ಕಡೆ ತಿರುಗಿದಳು.

"ಅತ್ತೆ, ನಿಮ್ಮ ಬ್ಯಾಗಲ್ಲಿರೋದು ಅದೇ ಅಲ್ವಾ?"

ಹೌದು. ಆದರೆ ನನಗಿರುವುದು ವಯಸ್ಸಿನ ಸಕ್ಕರೆ, ಅದು ಬೇರೆ. ಅದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಏಪ್ರಿಲ್ ೬, ಭಾನುವಾರ

ಮಗ ಬಂದ. ಬಂದವನೇ ಕೂಸನ್ನು ಎತ್ತಿಕೊಂಡು ಮೂಸಿ ಮೂಸಿ ನೋಡಿದ. ಹೆಂಡತಿ ಸಿರಿಂಜು ತೆಗೆದ ಕೂಡಲೇ "ಟೈರು ನೋಡ್ಬೇಕು" ಎಂದು ಎದ್ದ. ನನಗೆ ಮೈ ಉರಿಯಿತು.

"ಟೈರು ಎಲ್ಲೂ ಓಡಿಹೋಗಲ್ಲ, ಕೂತ್ಕೋ. ಅವಳೊಬ್ಬಳೇ ಹೆತ್ತಿದ್ದಾ?"

"ಅಮ್ಮಾ, ನಂಗೆ ನೋಡಕ್ಕಾಗಲ್ಲ."

"ಯಾರಿಗಾಗತ್ತೆ? ಆಗಲ್ಲ ಅಂತ ಮೆಷಿನ್ನು ತುಳೀತಾ ಕೂತ್ರೆ ಸಕ್ಕರೆ ಇಳಿಯತ್ತಾ?"

ಸೊಸೆ ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಳು. ನಗು ತಡೆಯುತ್ತಿದ್ದಳೇನೋ, ಯಾಕೆಂದು ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಕಲಿತ. ಅಷ್ಟು ದೊಡ್ಡ ಗಾಡಿ ತಿರುಗಿಸುವ ಕೈ, ಅಷ್ಟು ಸಣ್ಣ ಕಾಲು. ಸೊಸೆಗೆ ಇವತ್ತು ಮಧ್ಯಾಹ್ನ ಪೂರ್ತಿ ನಿದ್ದೆ ಮಾಡಿಸಿದೆ. ರಕ್ತ ಕೊಟ್ಟು ಮತ್ತೆ ಹೊರಡುತ್ತಾನೆ.

ಏಪ್ರಿಲ್ ೧೪, ಸೋಮವಾರ

ಫಲಿತಾಂಶ ಬಂದಿಲ್ಲ.

ಈ ವಯಸ್ಸಿನ ಮಕ್ಕಳು ಬೋರಲು ಹಾಕಿದರೆ ತಲೆ ಎತ್ತಿ ಸುತ್ತ ನೋಡುತ್ತವೆ. ಬಟಾಣಿ ಎತ್ತುವುದಿಲ್ಲ. ಕೆನ್ನೆ ಚಾಪೆಗೆ ಒತ್ತಿಕೊಂಡು ಹಾಗೇ ಇರುತ್ತಾಳೆ. ನಾನು ಗಮನಿಸಿದ್ದೆ, ಹೇಳಿರಲಿಲ್ಲ. ಅವಳಮ್ಮನೂ ಗಮನಿಸಿದ್ದಾಳೆ, ಹೇಳಿರಲಿಲ್ಲ. ಇವತ್ತು ಡಾಕ್ಟರಮ್ಮನೇ ಹೇಳಿದಳು: ಅಂಥದೇ ಬಾಗಿಲುಗಳು ಸ್ನಾಯುವಿನಲ್ಲೂ ಮಿದುಳಿನಲ್ಲೂ ಇರುತ್ತವಂತೆ. "ಬೇಗ ಮಾತ್ರೆ ಶುರು ಆದ್ರೆ ಅಲ್ಲೂ ಸುಧಾರಿಸಬಹುದು. ಮಾತು ಕೊಡಲ್ಲ, ಆದ್ರೆ ಆಸೆ ಇಟ್ಕೊಳ್ಳಿ."

ಬಸ್ಸಿನಿಂದ ಇಳಿಯುವಾಗ ಸೊಸೆ, ಈ ಹುಡುಗಿ, ನನ್ನ ತೋಳು ಹಿಡಿದುಕೊಂಡಳು. ಮೆಟ್ಟಿಲು ಎತ್ತರವಿತ್ತು.

ಏಪ್ರಿಲ್ ೨೪, ಗುರುವಾರ

ಬಂತು. ಡಾಕ್ಟರಮ್ಮನ ಅನುಮಾನವೇ ನಿಜ. ಆ ಬಾಗಿಲನ್ನು ಕಟ್ಟುವ ವಂಶವಾಹಿಯ ಬರಹದಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿದೆಯಂತೆ.

"ಯಾರಿಂದ ಬಂತು?" ಎಂದು ಹುಡುಗಿ ಕೇಳಿದಳು. ಕೇಳುವಾಗ ಮಡಿಲ ಮೇಲಿನ ಟವೆಲನ್ನು ಹಿಂಡುತ್ತಿದ್ದಳು.

"ಯಾರಿಂದಾನೂ ಇಲ್ಲ. ಅಪ್ಪನ ರಕ್ತದಲ್ಲೂ ಇಲ್ಲ, ನಿಮ್ಮದ್ರಲ್ಲೂ ಇಲ್ಲ. ಮಗು ರೂಪ ಆಗೋ ಹೊತ್ತಲ್ಲಿ ತಾನಾಗೇ ಆಗಿದ್ದು."

ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂತೆವು. ಅವಳಿಗೆ ಅಳು ಉಕ್ಕಿ ಬಂತು. ಅಷ್ಟು ಕಷ್ಟದಲ್ಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

"ನಮ್ಮಪ್ಪನಿಂದ ಬಂದಿದ್ದಲ್ವಂತೆ ಅತ್ತೆ."

"ಯಾರೇ ಹಾಗಂದೋರು?"

ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಗತೊಡಗಿದಳು. ಅಳುತ್ತಲೇ ನಗುತ್ತಿದ್ದಳು.

"ಯಾರೂ ಇಲ್ಲ ಬಿಡಿ."

"ಇನ್ನೊಂದ್ಸಲ ಯಾರಾದ್ರೂ ಅಂದ್ರೆ ನನ್ನ ಹತ್ರ ಕಳ್ಸು" ಎಂದೆ. ಜನರಿಗೆ ಏನು, ನಾಲಿಗೆಗೆ ಎಲುಬಿಲ್ಲ.

ಮನೆಗೆ ಬಂದು ಬೀಗರಿಗೆ ನಾನೇ ಫೋನು ಮಾಡಿ ವಿಷಯ ತಿಳಿಸಿದೆ. ನಿಮ್ಮ ಸಕ್ಕರೆ ಹೇಗಿದೆ ಎಂದೂ ಕೇಳಿದೆ. ಅವರಿಗೆ ಆಶ್ಚರ್ಯವಾದಂತಿತ್ತು.

ಏಪ್ರಿಲ್ ೨೮, ಸೋಮವಾರ

ಬಟಾಣಿಯನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದೇವೆ, ಮಾತ್ರೆ ಶುರು ಮಾಡಲು. ನರ್ಸು ಪುಡಿ ಮಾಡಿ ನೀರಲ್ಲಿ ಕಲಸಿ ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಗೆ ಬಿಟ್ಟಳು. ಬಟಾಣಿ ಅರ್ಧ ಉಗುಳಿದಳು. ಕಹಿಯೇನಲ್ಲ, ನನಗೆ ಗೊತ್ತು, ಕೊಬ್ಬು. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾರೆ, ಸಕ್ಕರೆ ಇಳಿದ ಹಾಗೆ ಇನ್ಸುಲಿನ್ ಕಡಿಮೆ ಮಾಡುತ್ತಾರೆ. ಬಹಳ ಮಕ್ಕಳಿಗೆ ಹಿಡಿಯುತ್ತದಂತೆ. ಎಲ್ಲರಿಗೂ ಅಲ್ಲ.

ಅಂಗಡಿಗೆ ಬೀಗ ಹಾಕಿದ್ದೇನೆ. ತೋಳು ಕುಗ್ಗಿಸಲು ಕೋಟು ಕೊಟ್ಟುಹೋದವನು ಕಾಯಲಿ.

ಮೇ ೧, ಗುರುವಾರ

ಸಕ್ಕರೆ ಇಳಿದಿಲ್ಲ. ಮಾತ್ರೆ ಹೆಚ್ಚಿಸಿದರು. ಹೊಟ್ಟೆ ಕೆಟ್ಟು ಐದಾರು ಸಲ ಬಟ್ಟೆ ಬದಲಿಸಿದೆವು. ಮಾತ್ರೆಗೆ ಹಾಗಾಗುವುದುಂಟು, ಹೆದರಬೇಡಿ ಎಂದರು. ಹೆದರಬೇಡಿ ಅನ್ನುವವರಿಗೆ ಹೆದರುವುದು ಎಷ್ಟು ಸುಲಭ ಎಂದು ಗೊತ್ತಿಲ್ಲ.

ಹುಡುಗಿಗೆ ಊಟ ಸೇರುತ್ತಿಲ್ಲ. ನಾನೇ ಕಲಸಿ ಕೈತುತ್ತು ಹಾಕಿದೆ. ಬಾಯಿ ತೆರೆದಳು, ತಿಂದಳು.

ಮೇ ೩, ಶನಿವಾರ

ಬೆಳಿಗ್ಗೆ ಹಾಲು ಕುಡಿದ ಮೇಲೆ ನರ್ಸು ಹಿಮ್ಮಡಿ ಚುಚ್ಚಿದಳು. ಯಂತ್ರ ನೋಡಿದಳು. ಒರೆಸಿ, ಹೊಸ ಪಟ್ಟಿ ಹಾಕಿ ಮತ್ತೆ ನೋಡಿದಳು. ಹೋಗಿ ಡಾಕ್ಟರಮ್ಮನನ್ನು ಕರೆತಂದಳು.

"ಇವತ್ತು ಬೆಳಿಗ್ಗೆ ಇನ್ಸುಲಿನ್ ಎಷ್ಟು ಕೊಟ್ರಿ?"

"ಕೊಟ್ಟಿಲ್ಲ ಡಾಕ್ಟ್ರೇ. ನಿನ್ನೆ ಸಂಜೆ ನೀವೇ ತಡೀರಿ ಅಂದಿದ್ರಿ."

ಡಾಕ್ಟರಮ್ಮ ಯಂತ್ರವನ್ನು ನಮ್ಮ ಕಡೆ ತಿರುಗಿಸಿದಳು. ಯಾವ ಆರೋಗ್ಯವಂತ ಕೂಸಿನಲ್ಲೂ ಇರಬಹುದಾದ ಅಂಕಿ. "ಅಜ್ಜಿ, ಇದು ಅವಳದೇ ಇನ್ಸುಲಿನ್" ಎಂದಳು. "ಹೊರಗೆ ಬರ್ತಿದೆ."

ಬಟಾಣಿ ಯಾವುದರ ಪರಿವೆಯೂ ಇಲ್ಲದೆ ಆಕಳಿಸಿದಳು. ನಾನು ನರ್ಸನ್ನು ತಬ್ಬಿಕೊಂಡುಬಿಟ್ಟೆ. ಯಾರನ್ನೋ ತಬ್ಬಿಕೊಳ್ಳಲೇಬೇಕಿತ್ತು, ಹುಡುಗಿ ಅಷ್ಟರಲ್ಲಿ ಗಂಡನಿಗೆ ಫೋನು ಮಾಡಲು ಓಡಿದ್ದಳು.

ಮೇ ೧೦, ಶನಿವಾರ

ಮನೆ. ಎಷ್ಟು ದಿನದ ಮೇಲೆ ಮೂವರೂ ಒಟ್ಟಿಗೆ ಮಧ್ಯಾಹ್ನದ ನಿದ್ದೆ ಹೊಡೆದೆವು. ಕೆಳಗೆ ಯಾರೋ ಬಾಗಿಲು ಬಡಿದು ಬಡಿದು ಹೋದರು.

ಮಗನಿಗೆ ಫೋನಿನಲ್ಲಿ ಎಲ್ಲ ವಿವರಿಸಿದೆ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಪ್ಲಸ್ಸು ಮೈನಸ್ಸು. "ಅಮ್ಮಾ, ಒಂದೂ ಅರ್ಥ ಆಗ್ಲಿಲ್ಲ, ಆದ್ರೆ ಇನ್ನೊಂದ್ಸಲ ಹೇಳು" ಎಂದ. ಇನ್ನೊಂದು ಸಲ ಹೇಳಿದೆ.

ಮಾತ್ರೆ ದಿನವೂ ತಪ್ಪಬಾರದು. ಮುಂದೆ ಎಷ್ಟು ವರ್ಷವೋ, ಬಹುಶಃ ಯಾವಾಗಲೂ. ರಕ್ತವನ್ನೂ ಆಗಾಗ ನೋಡುತ್ತಿರಬೇಕು. ನೋಡಿಕೊಳ್ಳುತ್ತೇವೆ. ನಾನೂ ಬಟಾಣಿಯೂ ಒಂದೇ ಹೊತ್ತಿಗೆ ಮಾತ್ರೆ ತೆಗೆದುಕೊಳ್ಳುತ್ತೇವೆ. ನನ್ನದು ಮಾತ್ರ ಬೇರೆ ಲೆಕ್ಕ.

ಜೂನ್ ೧೬, ಸೋಮವಾರ

ಬರೆಯದೆ ತಿಂಗಳ ಮೇಲಾಯಿತು. ಕೆಲಸ ರಾಶಿ ಬಿದ್ದಿದೆ.

ಇವತ್ತಿನಿಂದ ಹುಡುಗಿ ಕನ್ನಡಕದ ಅಂಗಡಿಗೆ ಹೋಗುತ್ತಿದ್ದಾಳೆ. ಹೊರಡುವಾಗ ನನಗೆ ಏನೂ ಹೇಳಿಕೊಡಲಿಲ್ಲ, ಡಬ್ಬಿ ಎಲ್ಲಿದೆ, ಪಟ್ಟಿ ಎಲ್ಲಿದೆ ಏನೂ ಇಲ್ಲ. "ಬರ್ತೀನತ್ತೆ" ಎಂದು ಹೋದಳು. ಬಟಾಣಿಯನ್ನು ಅಂಗಡಿಯಲ್ಲೇ ಮೆಷಿನ್ನಿನ ಪಕ್ಕ ಕಂಬಳಿ ಹಾಸಿ ಬೋರಲು ಮಲಗಿಸಿದೆ. ಎರಡು ವಾರದಿಂದ ತಲೆ ಎತ್ತಲು ಹೆಣಗಾಡುತ್ತಿದ್ದಾಳೆ. ಎತ್ತುವುದು, ಧೊಪ್ಪನೆ ಬೀಳುವುದು, ಬಿದ್ದದ್ದಕ್ಕೆ ನನ್ನ ಮೇಲೆ ರೇಗುವುದು. ಇವತ್ತು ಎತ್ತಿದ ತಲೆ ಇಳಿಸಲೇ ಇಲ್ಲ. ಬಾಗಿಲಲ್ಲಿ ಹೋಗಿಬರುವ ಕಾಲುಗಳನ್ನೆಲ್ಲ ನೋಡಿದಳು. ಬೇರೆ ಮಕ್ಕಳಿಗಿಂತ ಹಿಂದೆ ಇದ್ದಾಳೆ ನಿಜ. ಹೊರಟಿದ್ದಾಳೆ ಎನ್ನುವುದೂ ನಿಜ.

ಊಟದ ಬಿಡುವಿಗೆ ಹುಡುಗಿ ಓಡೋಡಿ ಬಂದಳು. ಅಂಗಡಿಯಲ್ಲಿ ಕೋಟಿನವನು ತೋಳು ಸರಿಯಾಗಿದೆಯೇ ಎಂದು ಹಾಕಿ ನೋಡುತ್ತಿದ್ದ. ಅವಳು ಅವನನ್ನು ದಾಟಿಕೊಂಡು ಬಂದು ಕಂಬಳಿಯ ಮೇಲೆ ಬಟಾಣಿಯ ಎದುರಿಗೆ ತಾನೂ ಬೋರಲು ಮಲಗಿ, "ಎಷ್ಟೊತ್ತಾಯ್ತು ಹೀಗೆ? ನಂಗ್ಯಾಕೆ ಫೋನ್ ಮಾಡ್ಲಿಲ್ಲ?" ಎಂದು ನನ್ನನ್ನೇ ಗದರಿದಳು.

"ಮಗಳಾ ನಿಮಗೆ?" ಎಂದ ಕೋಟಿನವನು.

ಹೌದು ಎಂದೆ. ಎಡದ ತೋಳು ಒಂದು ಬೆರಳು ಉದ್ದವಾಗಿತ್ತು, ಬಾಯಲ್ಲಿ ಪಿನ್ನು ಕಚ್ಚಿಕೊಂಡಿದ್ದೆ, ಅದೆಲ್ಲ ಬಿಡಿಸಿ ಹೇಳುತ್ತ ಯಾರು ನಿಲ್ಲುತ್ತಾರೆ.